ಹೊಸ್ತಿಲಲ್ಲಿ ಹೇಳಿದ ಹೆಸರು

ಒಡಪು ಬೇಕಾದವರಿಗೆಲ್ಲ ನನ್ನ ಮೊಬೈಲ್ ನಂಬರು ಯಾರು ಹಂಚುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ರಾಯಚೂರಿನ ನಮ್ಮ ಓಣಿಯಲ್ಲಿ ನಾನು ಮಕ್ಕಳಿಗೆ ಹಾಡು ಕಲಿಸುವವಳು, ಅಷ್ಟೇ. ಆದರೆ ಮದುವೆಯ ಹಂಗಾಮು ಬಂತೆಂದರೆ ಹಾರ್ಮೋನಿಯಂ ಮುಚ್ಚಿಟ್ಟು ಇದೇ ಕೆಲಸ. ನಮ್ಮ ಕಡೆ ಹೊಸ ಸೊಸೆ ಗಂಡನ ಮನೆಯ ಹೊಸ್ತಿಲು ದಾಟುವ ಮುಂಚೆ ಅವನ ಹೆಸರನ್ನು ಹಾಡಿನಂಥ ಒಂದೆರಡು ಸಾಲಿನಲ್ಲಿ ಕೂಡಿಸಿ ಹೇಳಬೇಕು. ಅದೇ ಒಡಪು. ಹೇಳದಿದ್ದರೆ ಬಾಗಿಲಲ್ಲಿ ನಿಂತ ಹೆಂಗಸರು ಒಳಗೆ ಬಿಡುವುದಿಲ್ಲ. ಮದುವೆಗೆ ಮೊದಲು ಆರು ತಿಂಗಳು ಅದೇ ಹೆಸರು ಹಿಡಿದು ಫೋನಿನಲ್ಲಿ ಹರಟಿದವಳೂ ಹೊಸ್ತಿಲಿಗೆ ಬಂದಾಗ ನಾಚಿಕೊಳ್ಳಬೇಕು. ನಾಚಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಒಬ್ಬಳಿಗೆ ಆ ಸಾಲಿನಲ್ಲಿ ಗಂಡನ ನೌಕರಿ ಬರಬೇಕು, ಇನ್ನೊಬ್ಬಳಿಗೆ ಅವನ ಡಿಗ್ರಿಯೂ ಬರಬೇಕು. ಒಂದು ಸಾಲು ಎಷ್ಟು ಅಕ್ಷರ ಹೊರುತ್ತದೆ ಎಂಬ ಅಂದಾಜು ಬೇಡವೇ? ಹೀಗೆಂದರೆ, ಹೆಂಗರ ಮಾಡಿ ಕೂಡಿಸ್ರಿ ಅಂತಾರೆ.

ಇಂಥದ್ದರ ನಡುವೆ ಮಾನ್ವಿಯಿಂದ ನನ್ನ ತಂಗಿಯ ಫೋನು ಬಂತು. ಅವಳ ಮಗಳಿಗೆ ದೇವದುರ್ಗದ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಒಡಪು ಬೇಕು, ಆದರೆ ಆದಷ್ಟು ಗಿಡ್ಡ ಇರಬೇಕು, ಹುಡುಗಿ ಬಾಯಿ ತೆರೆದು ಮುಚ್ಚುವುದರೊಳಗೆ ಮುಗಿದುಹೋಗಬೇಕು ಎಂದಳು. ಯಾಕೆಂದು ನಾನು ಕೇಳಲಿಲ್ಲ. ಹುಡುಗಿಗೆ ಚಿಕ್ಕಂದಿನಿಂದ ಉಗ್ಗು. ಅದರಲ್ಲೂ ಪ, ಬ, ಮ, ಹೀಗೆ ತುಟಿ ಕೂಡಿಸಿ ಆಡುವ ಅಕ್ಷರ ಮಾತಿನ ಮೊದಲಿಗೆ ಬಂತೆಂದರೆ ತುಟಿಗಳು ಅಲ್ಲೇ ಕಚ್ಚಿಕೊಂಡುಬಿಡುತ್ತವೆ. ಕೊರಳ ನರ ಉಬ್ಬುತ್ತದೆ, ಕಣ್ಣಲ್ಲಿ ನೀರಾಡುತ್ತದೆ, ಅಕ್ಷರ ಮಾತ್ರ ಹೊರಡುವುದಿಲ್ಲ. ಹುಡುಗನ ಹೆಸರು ಶುರುವಾಗುವುದೇ ಅಂಥದ್ದೊಂದು ಅಕ್ಷರದಿಂದ.

ಉಗ್ಗಿಗಿಂತ ನನಗೆ ತಲೆ ಕೆಡುವುದು ಸುತ್ತಲಿನ ಜನರಿಂದ. ಬಜೆ ತೇದು ನಾಲಿಗೆಗೆ ಹಚ್ಚಿ ಅಂದವರು ಎಷ್ಟು ಮಂದಿ, ಹರಕೆ ಹೊತ್ತುಕೊಳ್ಳಿ ಅಂದವರು ಎಷ್ಟು ಮಂದಿ. ಅವರನ್ನಾದರೂ ಸಹಿಸಬಹುದು. ಅವಳು ಮೊದಲ ಅಕ್ಷರದೊಂದಿಗೆ ಗುದ್ದಾಡುತ್ತಿರುವಾಗಲೇ ಉಳಿದ ಮಾತನ್ನು ತಾವೇ ಆಡಿ ಮುಗಿಸುವ ಉಪಕಾರಿಗಳಿದ್ದಾರಲ್ಲ, ಅವರನ್ನು ಸಹಿಸಲಾರೆ. ಅಂಗಡಿಗೆ ಬೆಲ್ಲ ತರಲು ಹೋದವಳಿಗೆ ಬೇಳೆ ಕಟ್ಟಿ ಕೊಡುತ್ತಿದ್ದರು. ಅವಳು ಬೇಳೆಯನ್ನೇ ತಂದು ಅವ್ವನ ಮುಂದೆ ಇಡುತ್ತಿದ್ದಳು. ಮತ್ತೊಮ್ಮೆ ಬಾಯಿ ತೆರೆಯುವುದಕ್ಕಿಂತ ಬೈಸಿಕೊಳ್ಳುವುದೇ ಅವಳಿಗೆ ಸುಲಭವಾಗಿತ್ತು. ಈ ಮಾತಿಗೆ ನಾನು ಎಷ್ಟು ಮಂದಿಯೊಂದಿಗೆ ಜಗಳಾಡಿದ್ದೇನೋ ಲೆಕ್ಕವಿಲ್ಲ.

ಹಾಡುವಾಗ ಮಾತ್ರ ಅವಳಿಗೆ ಉಗ್ಗಿಲ್ಲ. ಬೇಸಿಗೆ ರಜೆಗೆ ನನ್ನ ಮನೆಗೆ ಬಂದಾಗ ತಾಳ ಹಾಕಿ ಕೂಡಿಸಿದರೆ ಒಂದೊಂದು ಅಕ್ಷರವೂ ತನ್ನ ಮಾತ್ರೆಯ ಮೇಲೆ ಬಂದು ಕೂಡುತ್ತಿತ್ತು. ಅದೇ ಮಾತನ್ನು ತಾಳ ಬಿಟ್ಟು ಹೇಳು ಎಂದರೆ ಮೊದಲ ಅಕ್ಷರಕ್ಕೇ ನಿಲ್ಲುತ್ತಿದ್ದಳು. ಹೀಗಾಗಿ ಗಂಡಿನವರು ನೋಡಲು ಬಂದ ದಿನ ತಂಗಿ ಅವಳ ಕೈಲಿ ಒಂದು ಭಜನೆ ಪದ ಹಾಡಿಸಿ, ಅವರು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟಳು. ಹುಡುಗಿ ಮಾತು ಕಡಿಮೆ, ಒಳ್ಳೆಯದಾಯಿತು ಎಂದು ಹುಡುಗನ ತಾಯಿ ಮೆಚ್ಚಿಕೊಂಡಳು. ನಾನೂ ಅಲ್ಲೇ ಕೂತು ಸುಮ್ಮನೆ ಉಪ್ಪಿಟ್ಟು ತಿಂದೆ. ಹುಡುಗನಿಗೆ ಆಮೇಲೆ ಹುಡುಗಿಯೇ ಎಲ್ಲ ತಿಳಿಸಿದಳು, ಅವನು ಅಡ್ಡಿಯಿಲ್ಲ ಎಂದ. ಆದರೆ ಅವನ ತಾಯಿಗೂ ಬಳಗಕ್ಕೂ ಮದುವೆ ಮುಗಿಯುವ ತನಕ ಗೊತ್ತಾಗಬಾರದು ಎಂಬುದು ತಂಗಿಯ ಹಟ. ಗೊತ್ತಾದರೆ ಹೊಸ್ತಿಲಲ್ಲೇ ಮಗಳ ಮರ್ಯಾದೆ ಹೋಗುತ್ತದೆ ಎಂದು ಅವಳಿಗೆ ಅಂಜಿಕೆ.

ಗಿಡ್ಡ ಒಡಪು ಬೇಡ ಎಂದು ತಂಗಿಗೆ ತಿಳಿಸಿ ಹೇಳುವುದರಲ್ಲಿ ನನಗೆ ಸಾಕಾಗಿಹೋಯಿತು. ಗಿಡ್ಡ ಮಾಡಿದರೆ ಹೆಸರು ಬಾಯಿಗೆ ಬೇಗ ಬರುತ್ತದೆ, ಹುಡುಗಿ ಅಲ್ಲೇ ಸಿಕ್ಕಿಬೀಳುತ್ತಾಳೆ. ಉದ್ದ ಬೇಕು, ಲಯ ಹತ್ತಬೇಕು, ಆ ಓಟದಲ್ಲಿ ಹೆಸರೂ ಹಾದುಹೋಗಬೇಕು. ಎರಡು ದಿನ ಕೂತು ತುಟಿ ಕೂಡಿಸುವ ಅಕ್ಷರ ಒಂದೂ ಬರದ ಹಾಗೆ ಸಾಲು ಕಟ್ಟಿದೆ: "ಹಳ್ಳ ದಾಟೀನಿ, ಹೊಲ ದಾಟೀನಿ, ಹೊಸ್ತಿಲ ಹಂತೇಲಿ ನಿಂತೀನಿ." ಇದಾದ ಕೂಡಲೇ ಹೆಸರು. ಹ ಎನ್ನಲು ಉಸಿರು ಬಿಟ್ಟರೆ ಸಾಕು, ಬಾಯಿಗೆ ಭಾರವಿಲ್ಲ. ಮಾನ್ವಿಗೆ ಹೋಗಿ ನಾಲ್ಕು ದಿನ ಅಭ್ಯಾಸ ಮಾಡಿಸಿದೆ. ಅವಳು ತೊಡೆಯ ಮೇಲೆ ಅಕ್ಷರಕ್ಕೊಂದು ಬೆರಳು ತಟ್ಟುತ್ತ ಹಾಡುತ್ತಿದ್ದಳು, ಹೆಸರು ಸರಾಗವಾಗಿ ಬರುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಮಾನ್ವಿಯಲ್ಲಿ ಮದುವೆಯ ಅಕ್ಕಿಕಾಳು ಬಿದ್ದ ಮೇಲೆ ತಂಗಿಯ ಮಗಳ ಜೊತೆ ದೇವದುರ್ಗಕ್ಕೆ ನಾನು ಹೋದೆ. ಗಾಡಿಯಲ್ಲಿ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಒಡಪು ಗುನುಗಿದೆ. ಅವಳು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಬಾಗಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟು ಹೆಂಗಸರೆಲ್ಲ ಅಡ್ಡ ನಿಂತಿದ್ದರು. ಹೆಸರು ಹೇಳವ್ವ ಎಂದರು.

ಸೀರೆಯ ನೆರಿಗೆಯ ಮೇಲೆ ಅವಳ ಬೆರಳು ತಟ್ಟತೊಡಗಿದವು. ಆಮೇಲೆ ನಿಂತವು. ತಲೆ ಎತ್ತಿ ಅತ್ತೆಯನ್ನು ನೋಡಿದಳು, ತುಟಿ ಕೂಡಿಸಿದಳು. ಸಾಲು ಬಿಟ್ಟು ನೇರ ಹೆಸರಿಗೇ ಕೈ ಹಾಕಿದ್ದಾಳೆ ಎಂದು ನನಗೆ ತಿಳಿಯಿತು. ತುಟಿ ಕಚ್ಚಿಕೊಂಡವು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ತಡೆಯಲಾಗಲಿಲ್ಲ. ಅವಳ ಬೆನ್ನ ಹಿಂದಿನಿಂದ ನಾನೇ ಗಟ್ಟಿಯಾಗಿ, ರಾಗ ಹಿಡಿದು ಒಡಪು ಶುರುಮಾಡಿಬಿಟ್ಟೆ.

ಅವಳು ತಿರುಗಿ ನೋಡಿದಳು. "ದೊ... ದೊಡ್ಡವ್ವ, ನೀ ಸುಮ್ನಿರು. ನಾ ಹೇಳ್ತೀನಿ."

ನಾನು ಬಾಯಿ ಮುಚ್ಚಿದೆ. ಅವಳು ಮತ್ತೆ ತುಟಿ ಕೂಡಿಸಿದಳು. ಆ ಮೊದಲ ಅಕ್ಷರ ನಾಲ್ಕು ಸಲ ಬಂತು, ಐದನೆಯ ಸಲವೂ ಬಂತು, ನಡುವೆ ಒಮ್ಮೆ ಉಸಿರು ತೆಗೆದುಕೊಂಡಳು. ಆಮೇಲೆ ಗಂಡನ ಹೆಸರು ಕಡೆಯ ಅಕ್ಷರದ ತನಕ ಹೊರಗೆ ಬಂತು. ರಾಗವಿಲ್ಲ, ತಾಳವಿಲ್ಲ. ಅತ್ತೆ ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮನಸ್ಸಿನಲ್ಲಿ ಏನೆಂದುಕೊಂಡಳೋ ಗೊತ್ತಾಗಲಿಲ್ಲ. ಬಲಗಾಲಿಟ್ಟು ಬಾ ಎಂದಳು, ಅಷ್ಟೇ.

ಒಳಗೆ ಕೋಣೆಯಲ್ಲಿ ಇಬ್ಬರೇ ಆದಾಗ ನನ್ನ ಸಿಟ್ಟೆಲ್ಲ ಹೊರಗೆ ಬಂತು. ನಾಲ್ಕು ದಿನ ಕಲಿಸಿದ್ದು ಎಲ್ಲಿ ಹೋಯಿತು, ನಿಮ್ಮವ್ವನಿಗೆ ನಾನು ಏನು ಹೇಳಲಿ ಎಂದು ರೇಗಿದೆ. ಅವಳು ಬಳೆ ಸರಿಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

"ನಾಳಿ ಎದ್ದ ಕೂಡ್ಲೆ ನಂಗ ಚಾ ಬ... ಬ..."

ಮುಂದಿನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡೆ. ಎಷ್ಟು ಹೊತ್ತು ಹಿಡಿಯಿತೋ, ನಾನು ನಿಂತೇ ಇದ್ದೆ.

"ಬೇಕಂದ್ರ, ಅದಕ್ಕೂ ಹಾಡ್ಲೇನು ದೊಡ್ಡವ್ವ?"