ಕೊಟ್ಟಿಗೆ ಮುಂದೆ ಬಿಟ್ಟ ಬೂಟು

ಇಪ್ಸ್‌ವಿಚ್‌ನ ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡ್ತಿದ್ದ ಚಿಲಿ ದೇಶದ ರೌಲ್, ಒಂದು ಶನಿವಾರ ನನ್ನನ್ನ ಕುರಿಗಾಹಿ ಮಾಡಿಬಿಟ್ಟ. ಅವರ ಚರ್ಚಿನವರು ಹಾಡುಗಳ ಸಿನಿಮಾ ತೆಗೀತಿದ್ರು. ದನದ ಕೊಟ್ಟಿಗೇಲಿ ಆಗತಾನೆ ಹುಟ್ಟಿದ ಯೇಸುವನ್ನ ನೋಡೋಕೆ ಕುರಿಗಾಹಿಗಳು ಹಾಡ್ಕೊಂಡು ಹೊರಡ್ತಾರೆ, ದಾರಿಯುದ್ದಕ್ಕೂ ಸೈತಾನ ಅವರನ್ನ ತಡೀತಾನೆ. ಸೈತಾನ ನಮ್ಮ ರೌಲೇ. ಮುಖಕ್ಕೆ ಕೆಂಪು ಬಣ್ಣ, ತಲೆಗೆ ರಟ್ಟಿನ ಕೊಂಬು.

ಕ್ಯಾಮೆರಾ ಶುರುವಾಯ್ತು. ಮೊಣಕಾಲೆತ್ತರದ ಒಣಹುಲ್ಲಿನಲ್ಲಿ ಹಾಡ್ತಾ ಹೋಗ್ತಿದ್ದೆ. ಎರಡು ಹೆಜ್ಜೆ ಮುಂದೆ ಹುಲ್ಲು ಅಲ್ಲಾಡ್ತು. ಕಂದು ಹಾವು ತಲೆ ಎತ್ತಿತ್ತು. ಹಾಡೋದು ಬಿಟ್ಟು ಅಲ್ಲೇ ನಿಂತ್ಬಿಟ್ಟೆ.

"ಅಲ್ಲಾಡ್ಬೇಡ," ಅಂದ ರೌಲ್ ಹಿಂದಿನಿಂದ. ಆಮೇಲೆ ನನ್ನ ಕಾಲು ನೋಡಿ, "ನಿನ್ನ ಬೂಟ್ ಎಲ್ಲಿ?"

"ಆಗ್ಲೇ ಕೊಟ್ಟಿಗೆ ಮುಂದೆ ಬಿಟ್ಟು ಬಂದಿದ್ದೀನಿ. ಒಳಗೆ ದೇವರಿದ್ದಾನಲ್ಲ."

"ಅದು ಪ್ಲಾಸ್ಟಿಕ್ ಗೊಂಬೆ, ಮೇಟ್!"

ಹಾವು ನನ್ನ ಬರಿಗಾಲಿನಿಂದ ಒಂದು ಗೇಣು ದೂರದಲ್ಲಿ, ಆತುರವೇ ಇಲ್ಲದೆ ಹರಿದುಹೋಯ್ತು. ಬೆವರು ಕಣ್ಣಿಗಿಳಿದರೂ ರೆಪ್ಪೆ ಬಡಿಯೋಕೆ ಧೈರ್ಯ ಬರಲಿಲ್ಲ. ಅದು ಕಾಣದೇ ಹೋದ ಮೇಲಂತೂ ಭಯ ಇನ್ನೂ ಜಾಸ್ತಿ ಆಯ್ತು. ಕಾಲು ಎತ್ತಿದರೆ ಎಲ್ಲಿ ಇಡೋದು? ಕೊನೆಗೆ ಬೂಟು ಹಾಕಿದ್ದ ರೌಲೇ ಬಂದು ನನ್ನ ಮುಂದೆ ಬಗ್ಗಿದ. ಅವನ ಕತ್ತಿಗೆ ಜೋತುಬಿದ್ದೆ. ಯೇಸುವಿನ ಕೊಟ್ಟಿಗೆವರೆಗೂ ಹೊತ್ಕೊಂಡು ಹೋಗಿ, ನನ್ನ ಬೂಟಿನ ಪಕ್ಕದಲ್ಲೇ ಇಳಿಸಿದ.

ಅಷ್ಟೂ ಹೊತ್ತು ಕ್ಯಾಮೆರಾ ಓಡ್ತಾನೇ ಇತ್ತಂತೆ. ಆದ್ರೆ ನಿರ್ದೇಶಕಿ ಆ ಶಾಟ್ ತೆಗೆದುಹಾಕಿದ್ರು. ಆಕಾಶದಿಂದ ದೇವದೂತ ಇಳಿದು ಬಂದ್ರೆ ಜನ ನಂಬ್ತಾರಂತೆ. ಸೈತಾನ ಕುರಿಗಾಹಿಯನ್ನ ದೇವರ ಹತ್ರ ಹೊತ್ಕೊಂಡು ಬಂದ ಅಂದ್ರೆ ಯಾರೂ ನಂಬಲ್ವಂತೆ.