ಹನ್ನೊಂದನೆಯ ಸೆಕೆಂಡಿನ ಕಾಯಿ

ನನ್ನ ಹಳೆಯ ಡೈರಿಯಲ್ಲಿ ಹೀಗೊಂದು ಸಾಲಿದೆ: ‘ಸೋಮವಾರ. ರಿಂಗ್‌ಟೋನ್ ಆಯಿತು. ಹದಿನೆಂಟು ಸೆಕೆಂಡು. ಹನ್ನೊಂದನೆಯದಕ್ಕೆ ಕಾಯಿ.’

ಆಗ ನಾನು ದಬ್ಬೇಘಟ್ಟದ ಕಡೆಯ ನಮ್ಮೂರಿನಿಂದ ತಿಪಟೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಣ್ಣ ಹೊಸ ಫೋನು ಕೊಂಡಾಗ ಅವನ ಹಳೆಯದು ನನಗೆ ಬಂದಿತ್ತು. ಅಮ್ಮನ ಕ್ಯಾಸೆಟ್ಟಿನ ಒಂದು ಹಾಡಿನ ನಡುವೆ ಬರುವ ಕೊಳಲು ನನಗೆ ರಿಂಗ್‌ಟೋನಾಗಿ ಬೇಕಿತ್ತು. ಮೊಬೈಲ್ ಅಂಗಡಿಯಲ್ಲಿ ಆ ಹಾಡು ಇರಲಿಲ್ಲ. ಟೇಪ್‌ರೆಕಾರ್ಡರಿನ ಮುಂದೆ ಫೋನು ಹಿಡಿದು ನಾನೇ ರೆಕಾರ್ಡ್ ಮಾಡಿಕೊಂಡೆ. ಸರಿಯಾಗಿ ಕೊಳಲಿನ ಹೊತ್ತಿಗೆ, ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ್ದ ಕಾಯಿಯೊಂದು ಗಡಗಡ ಉರುಳಿ ಧಡ್ ಎಂದು ತೊಲೆಗೆ ಬಡಿಯಿತು.

ತಿಪಟೂರಿನ ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಹಾಕಿ ಕತ್ತರಿಸುವಾಗ ಕೇಳಿದ: “ಈ ಗಡಗಡ ಬ್ಯಾಡ ಅಲ್ವೇನಕ್ಕ? ತೆಗೆದ್ಬುಡ್ಲಾ?”

“ಅದನ್ನ ತೆಗೆದ್ರೆ ಕೊಳಲೂ ಹೋಗುತ್ತೆ. ಇರ್ಲಿ ಬುಡಿ.”

ಮೂರು ವಾರದ ಮೇಲೆ ಒಬ್ಬ ವ್ಯಾಪಾರಿ ನಮ್ಮ ಕೊಬ್ಬರಿ ನೋಡಲು ಬಂದ. ಅವನ ಜೊತೆ ಗಾಡಿ ಓಡಿಸುವ ಹುಡುಗನೊಬ್ಬನಿದ್ದ. ತಾತ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳಿ ತೋರಿಸುತ್ತಿದ್ದ. ಅಷ್ಟರಲ್ಲಿ ಆ ಹುಡುಗನ ಜೇಬು ಹಾಡಿತು. ಕೊಳಲು, ಆಮೇಲೆ ಗಡಗಡ, ಧಡ್.

ತಾತ ಮೊದಲು ಅಟ್ಟದ ಕಡೆ ನೋಡಿದ. ಆಮೇಲೆ ನನ್ನ ಕಡೆ.

“ಇದು ನಿನ್ ಫೋನಿಂದಲ್ವೇನವ್ವ?”

“ನನ್ನದು ಒಳಗೈತೆ ತಾತ.”

ಅವರು ಹೋದ ಮೇಲೆ ಅಪ್ಪ, “ನಮ್ಮಟ್ಟದ ಸದ್ದು ಅವನ ಜೇಬಿಗೆ ಹೆಂಗೆ ಹೋಯ್ತು?” ಎಂದ.

“ನಂಗೊತ್ತಿಲ್ಲಪ್ಪ.”

“ಒಂದೇ ಹಾಡು ಇಬ್ರತ್ರ ಇರ್ಬಾರ್ದಾ?” ಎಂದಳು ಅಮ್ಮ.

“ಹಾಡಿರ್ಬೋದು ಕಣೇ. ಕಾಯೂ ಇರ್ತದಾ?” ಅಪ್ಪ ನನ್ನ ಕಡೆ ತಿರುಗಿದ. “ಗೊತ್ತಾಗೋಗಂಟ ಕಾಲೇಜು ಬ್ಯಾಡ. ಮನೇಲಿರು.”

ಆಗೆಲ್ಲ ಹುಡುಗ ಹುಡುಗಿ ಒಂದೇ ರಿಂಗ್‌ಟೋನ್ ಇಟ್ಟುಕೊಂಡರೆ ಅದಕ್ಕೊಂದೇ ಅರ್ಥವಿತ್ತು. ಅದನ್ನು ಅಪ್ಪನಿಗೆ ಹೇಳಿಕೊಟ್ಟವನು ಅಣ್ಣನೇ ಇರಬೇಕು. ಪರೀಕ್ಷೆಗೆ ಎರಡು ತಿಂಗಳಿತ್ತು.

ಡೈರಿ ತೆಗೆದು, ಆ ಮೂರು ವಾರದಲ್ಲಿ ನನ್ನ ಫೋನು ಯಾರ ಕೈಗೆ ಎಷ್ಟು ಸಲ ಹೋಗಿತ್ತೆಂದು ಗೀಟು ಹಾಕುತ್ತ ಕೂತೆ. ಅಣ್ಣ, ಎರಡು. ಅಮ್ಮ, ಒಂದು, ಅದೂ ತಲೆಕೆಳಗಾಗಿ ಹಿಡಿದು. ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ, ಆರು. ಅಂಗಡಿಯವನನ್ನು ಬರೆಯಲೇ ಇಲ್ಲ. ಅವನು ನನ್ನ ಕಣ್ಣೆದುರಿಗೇ ಕತ್ತರಿಸಿ, ಕಣ್ಣೆದುರಿಗೇ ಫೋನು ಕೊಟ್ಟಿದ್ದ.

ನಾಲ್ಕನೆಯ ದಿನ ಗೆಳತಿ ನೋಡಲು ಬಂದಳು. ಬಾಗಿಲಲ್ಲೇ ಕೇಳಿದೆ: “ನನ್ ರಿಂಗ್‌ಟೋನ್ ಯಾರಿಗೆ ಕಳಿಸ್ದೆ?”

“ಅದು ಯಾರಿಗ್ ಬೇಕು ಕಣೇ? ಆ ಕಾಯಿ ಬಿದ್ದಾಗೆಲ್ಲ ಬಸ್ಸಲ್ಲಿ ಎಲ್ರೂ ತಿರುಗಿ ನೋಡೋರು. ನಂಗೇ ನಾಚ್ಕೆ ಆಗ್ತಿತ್ತು.”

ಕಾಫಿ ಕುಡಿಯದೆ ಹೋದಳು. ‘ತುಂಬ ಬೇಗ ಉತ್ತರ ಕೊಟ್ಟಳು. ಅನುಮಾನ ಹೆಚ್ಚಿತು’ ಎಂದು ಬರೆದಿಟ್ಟೆ.

ಆರನೆಯ ದಿನ ತಾತ ಕಣ್ಣು ತೋರಿಸಲು ತಿಪಟೂರಿಗೆ ಹೋಗಿದ್ದ. ಸಂಜೆ ಬಂದವನು ಚಪ್ಪಲಿಯನ್ನೂ ಬಿಡದೆ ಅಪ್ಪನನ್ನು ಕರೆದ.

“ನಮ್ ಕಾಯಿ ಬಸ್‌ಸ್ಟ್ಯಾಂಡಲ್ಲೊಂದ್ಸಲ ಬಿತ್ತು, ಹೋಟ್ಲಲ್ಲೊಂದ್ಸಲ ಬಿತ್ತು ಕಣಪ್ಪ. ಹೋಟ್ಲೋನ್ನ ಕೇಳ್ದೆ. ಯಾವುದೋ ಮೊಬೈಲ್ ಅಂಗ್ಡೀಲಿ ಹಾಕಿಸ್ಕೊಂಡ್ನಂತೆ.”

ಮರುದಿನ ಅಪ್ಪ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನಿಗೆ ನಮ್ಮನ್ನು ನೋಡಿ ಖುಷಿಯೋ ಖುಷಿ.

“ಕಾಯಿ ಟೋನಾ? ಈ ಕಡೆ ಈಗ ಅದೇ ಅಲ್ವೇನಣ್ಣ ಓಡ್ತಿರೋದು! ಕಂಪ್ಯೂಟ್ರಲ್ಲೇ ಉಳ್ಕೊಂಡಿತ್ತು. ಮೆಮೊರಿ ಕಾರ್ಡ್ ತಂದೋರಿಗೆಲ್ಲ ಹಾಕ್ಕೊಟ್ಟೆ.”

“ಎಷ್ಟು ಜನಕ್ಕೆ?” ಎಂದು ನಾನು ಕೇಳಿದೆ.

“ಅದನ್ನ ಯಾರಕ್ಕ ಬರೆದಿಡ್ತಾರೆ?”

ಅಪ್ಪ ಅವನನ್ನು ಬೈಯಲಿಲ್ಲ. ಬಸ್ಸಿನಲ್ಲಿ ಊರು ಹತ್ತಿರವಾಗುವಾಗ, ಕಿಟಕಿಯ ಕಡೆಯೇ ನೋಡುತ್ತ, “ನಾಳೆಯಿಂದ ಹೋಗು” ಎಂದ.

ಡೈರಿಯಲ್ಲಿ ಗೆಳತಿಯ ಹೆಸರಿನ ಮುಂದಿದ್ದ ಆರು ಗೀಟುಗಳನ್ನು ಆ ರಾತ್ರಿ ಹೊಡೆದುಹಾಕಿದೆ. ಫೋನಿಗೆ ಅದರ ಹಳೆಯ ಟ್ರಿಣ್ ಟ್ರಿಣ್ ಇಟ್ಟೆ.

ಬೆಳಿಗ್ಗೆ ಅಪ್ಪ, ಯಾವತ್ತೂ ಬಾರದವನು, ಬಸ್ ನಿಲ್ಲುವ ಜಾಗದ ತನಕ ನನ್ನ ಜೊತೆ ಬಂದ. ಬಂದು ನಿಂತ ಬಸ್ಸಿನ ಬಾಗಿಲಿನ ಹತ್ತಿರ ಯಾರದೋ ಫೋನಿನ ಕೊಳಲು ಶುರುವಾಯಿತು. ಅಪ್ಪನ ಕಣ್ಣು ಮೊದಲು ನನ್ನ ಬ್ಯಾಗಿನ ಮೇಲೆ ಹೋಯಿತು. ನಾನು ಫೋನನ್ನು ಹೊರಗೆ ತೆಗೆದು, ಬೆಳಕಿಲ್ಲದ ಪರದೆಯನ್ನು ಅವನ ಕಡೆ ಹಿಡಿದೆ. ಬಸ್ಸಿನೊಳಗೆ ಕಾಯಿ ಬಿತ್ತು.

“ಸರಿ, ಬಸ್ ಹತ್ತು” ಎಂದ ಅಪ್ಪ.