ಇಬ್ಬರಿಗೂ ಒಂದೊಂದು ಹಾಳೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಪೂರ್ವ ಫಿನ್ಲೆಂಡಿನ ಸರೋವರದ ದಂಡೆಯ ಒಂದು ಮನೆ. ನರ್ಸ್ ಸಿನಿಕ್ಕಾ ಬೂಟಿನ ಹಿಮ ಕೊಡವಿ ಒಳಗೆ ಬರುತ್ತಾರೆ. ಅಡುಗೆಮನೆಯ ಮೇಜಿನ ಬಳಿ ಕೂತ ಅಜ್ಜ ಅಜ್ಜಿಯ ಮುಂದೆ ಒಂದೊಂದು ಬಿಳಿ ಹಾಳೆ, ಪೆನ್ಸಿಲ್ ಇಡುತ್ತಾರೆ.

"ಮರೆವು ಇರೋದು ಇವಳಿಗೆ. ನಂಗ್ಯಾಕಮ್ಮ ಪರೀಕ್ಷೆ?" ಅಜ್ಜ ಟೌನೊ ಗೊಣಗುತ್ತಾರೆ.

"ನೀವೂ ಬರೀರಿ. ಜೊತೆಗಿದ್ರೆ ಅವ್ರಿಗೂ ಧೈರ್ಯ."

"ಶಾಲೇಲೂ ಪಕ್ಕದವ್ರದ್ದು ನೋಡ್ಕೊಂಡೇ ಪಾಸಾದೋನು," ಎನ್ನುತ್ತಾ ಅಜ್ಜಿ ತಮ್ಮ ಹಾಳೆಗೆ ಕೈ ಅಡ್ಡ ಹಿಡಿಯುತ್ತಾರೆ.

ಗಡಿಯಾರದ ಚಿತ್ರ ಬಿಡಿಸಿ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಬೇಕು. ಆಮೇಲೆ ತೋಚಿದ್ದೊಂದು ವಾಕ್ಯ ಬರೆಯಬೇಕು. ಸಿನಿಕ್ಕಾ ಊರಿನ ಆರೋಗ್ಯ ಕೇಂದ್ರದ ನರ್ಸ್. ದಿನಕ್ಕೆ ಮೂರೋ ನಾಲ್ಕೋ ಮನೆ. ರೋಗ ಯಾವುದೆಂದು ಹೇಳುವುದು ವೈದ್ಯರ ಕೆಲಸ. ಯಾರನ್ನು ಅವರ ಬಳಿ ಕಳಿಸಬೇಕೆಂದು ಗುರುತಿಸುವುದು ಇವರದು. ಮುಳ್ಳು ಎಲ್ಲಿಡುವುದೆಂದು ತಿಳಿಯದೆ ಯಾರದಾದರೂ ಕೈ ನಿಂತರೆ ಇವರು ಕಿಟಕಿಯಾಚೆ ನೋಡುತ್ತಾರೆ. "ದಿಟ್ಟಿಸ್ತಾ ಕೂತ್ರೆ ಅವ್ರಿಗೆ ನಾಚಿಕೆ ಆಗುತ್ತೆ," ಎನ್ನುತ್ತಾರೆ.

ಇಬ್ಬರಿಗೂ ಹಾಳೆ ಕೊಡಬೇಕೆಂದು ಯಾವ ನಿಯಮವೂ ಇಲ್ಲ. ಅದನ್ನು ಸಿನಿಕ್ಕಾ ಕಲಿತದ್ದು ಊರಿನ ಲೆಂಪಿ ಎಂಬಾಕೆಯ ಮನೆಯಲ್ಲಿ, ತಡವಾಗಿ.

ಕೆಲವು ವರ್ಷಗಳ ಹಿಂದೆ ಲೆಂಪಿಯ ಗಂಡ ಉರ್ಹೊ ಫೋನ್ ಮಾಡಿದ್ದರು. ಹೆಂಡತಿಗೆ ಮರೆವು, ಮೀನಿನ ಬಲೆ, ಚಾಕು, ಬೀಗದ ಕೈ ಎಲ್ಲವನ್ನೂ ಎಲ್ಲೆಲ್ಲೋ ಇಡುತ್ತಾಳೆ ಎಂಬ ದೂರು. ಸಿನಿಕ್ಕಾ ಹೋದರು. ಲೆಂಪಿಯ ಗಡಿಯಾರ ಅಚ್ಚುಕಟ್ಟಾಗಿತ್ತು. ಕೆಳಗೆ ಆಕೆ ಒಂದು ಸಾಲು ಬರೆದಿದ್ದರು: 'ನನ್ನ ಗಂಡ ಮೊದಲು ಹೀಗಿರಲಿಲ್ಲ.'

"ವಾಕ್ಯ ಪೂರ್ತಿ ಇದ್ಯಾ ಅಂತ ನೋಡ್ದೆ. ಇತ್ತು. ಅಂಕ ಕೊಟ್ಟೆ," ಸಿನಿಕ್ಕಾ ನಿಧಾನವಾಗಿ ಹೇಳುತ್ತಾರೆ. "ಉರ್ಹೊ ಪಕ್ಕದಲ್ಲೇ ನಿಂತಿದ್ರು. ನಿಮ್ಮ ಹೆಂಡ್ತಿ ಚೆನ್ನಾಗಿದಾರೆ ಅಂತ ಅವ್ರ ಕೈ ಕುಲುಕಿ ಬಂದ್ಬಿಟ್ಟೆ."

ನಿಜದಲ್ಲಿ ಮರೆವು ಹಿಡಿದಿದ್ದು ಉರ್ಹೊಗೆ. ತಾವೇ ಇಟ್ಟು ಮರೆತ ವಸ್ತುಗಳಿಗೆಲ್ಲ ಹೆಂಡತಿಯನ್ನು ದೂರುತ್ತಿದ್ದರು. ಲೆಂಪಿಗೆ ಮರೆವಿಲ್ಲವೆಂದು ನರ್ಸೇ ಹೇಳಿದ ಮೇಲೆ, ಬೇಕೆಂದೇ ಬಚ್ಚಿಡುತ್ತಾಳೆ ಎಂಬ ಅನುಮಾನ ಗಟ್ಟಿಯಾಯಿತು. ಗಂಡನಿಗೆ ಕಾಯಿಲೆಯೆಂದು ತಿಳಿಯದ ಲೆಂಪಿ ಮಾತಿಗೆ ಮಾತು ಬೆಳೆಸಿದರು, ಆಮೇಲೆ ಮಾತೇ ಬಿಟ್ಟರು. ಒಂದೇ ಸೂರಿನಡಿ ಎರಡು ಚಳಿಗಾಲ ಹಾಗೇ ಕಳೆಯಿತು. ಉರ್ಹೊ ದಾರಿ ತಪ್ಪಿ ಪಕ್ಕದೂರಿನಲ್ಲಿ ಸಿಕ್ಕಿದಾಗಲೇ ವೈದ್ಯರು ನೋಡಿದ್ದು. ಅಷ್ಟರಲ್ಲಿ ಅವರಿಗೆ ಲೆಂಪಿಯ ಗುರುತು ಹತ್ತುತ್ತಿರಲಿಲ್ಲ.

"ಆವತ್ತೇ ಗೊತ್ತಾಗಿದ್ರೂ ಕಾಯಿಲೆ ನಿಲ್ತಿರ್ಲಿಲ್ಲ. ಆದ್ರೆ ಅವ್ರಿಬ್ರೂ ಜಗಳ ಆಡ್ತಿರ್ಲಿಲ್ಲ," ಎನ್ನುತ್ತಾರೆ ಸಿನಿಕ್ಕಾ.

ಉರ್ಹೊ ಈಗ ಆರೈಕೆ ಕೇಂದ್ರದಲ್ಲಿದ್ದಾರೆ. ಲೆಂಪಿ ದಿನವೂ ಹೋಗಿ ಅವರ ಕೈ ಹಿಡಿದು ಕೂರುತ್ತಾರೆ. ಯಾರೋ ಒಳ್ಳೆಯ ಹೆಂಗಸು ಎಂದುಕೊಂಡು ಉರ್ಹೊ ಆಕೆಗೆ ಧನ್ಯವಾದ ಹೇಳುತ್ತಾರಂತೆ.

ಅಂಗಡಿಯಲ್ಲಿ ಸಿನಿಕ್ಕಾ ಎದುರಾದರೆ ಲೆಂಪಿ ಹವೆಯ ಮಾತಾಡಿ ಮುಂದೆ ಹೋಗುತ್ತಾರೆ. ಒಮ್ಮೆಯೂ ದೂರಿಲ್ಲ. "ಬೈದಿದ್ರೆ ವಾಸಿ ಇತ್ತು," ಎನ್ನುತ್ತಾರೆ ಸಿನಿಕ್ಕಾ.

ಬರುವ ವಸಂತಕ್ಕೆ ಅವರಿಗೆ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದರೆ ಒಂದೇ ಒಂದು ಹೇಳುತ್ತಾರೆ.

"ಲೆಂಪಿ ಒಂದ್ಸಲ ಕಾಫಿಗೆ ಕರೀಬೇಕು. ಹೋಗಿ ಏನ್ ಮಾತಾಡೋದು ಅಂತ ಗೊತ್ತಿಲ್ಲ. ಆದ್ರೂ ಹೋಗ್ತೀನಿ."